ಎರವಲು ತಂದ ಧ್ಯಾನ

ಮಧ್ಯಾಹ್ನದ ಊಟವಾದ ಮೇಲೆ ಕಾಲುಗಂಟೆ ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ನನ್ನ ರೂಢಿ. ನಾನು ಇದನ್ನು ಪ್ರಾರ್ಥನೆ ಎನ್ನುತ್ತೇನೆ. ನನ್ನ ಹೆಂಡತಿ ಅನ್ನಮ್ಮ ಬೇರೆ ಹೆಸರಿಟ್ಟಿದ್ದಾಳೆ. "ಮುಗೀತೇನ್ರಿ ನಿಮ್ಮ ಗೊರಕಿ ಜಪ?" ಎಂದು ಒಳಗಿನಿಂದಲೇ ಕೇಳುತ್ತಾಳೆ.

ನಿದ್ದೆಯಾದರೂ ಬಂದಿದ್ದರೆ ನಾನು ಸಂತೋಷಪಡುತ್ತಿದ್ದೆ. ಕಣ್ಣು ಮುಚ್ಚಿದ ಕೂಡಲೆ ನನಗೆ ಬರುವುದು ನಿದ್ದೆಯೂ ಅಲ್ಲ, ದೇವರೂ ಅಲ್ಲ. ಹಿತ್ತಲ ಬಾಗಿಲಿನ ಅಗುಳಿ. ಹಾಕಿದೆನೋ ಇಲ್ಲವೋ? ಹಾಕಿರದಿದ್ದರೆ ಪಕ್ಕದ ಮನೆಯ ಆಡು ಅವರೆ ಬಳ್ಳಿಗೆ ಬಾಯಿ ಹಾಕಿರಬೇಕು. ಆಡು ಹೋಯಿತು ಎನ್ನುವಷ್ಟರಲ್ಲಿ ಸಂಡೂರಿಗೆ ಬರೆದ ಕಾಗದ. ಅಂಚೆಪೆಟ್ಟಿಗೆಗೆ ಹಾಕಿದ್ದು ನೆನಪಿದೆ, ಸ್ಟಾಂಪು ಅಂಟಿಸಿದ್ದು ನೆನಪಿಲ್ಲ. ಅದಾದ ಮೇಲೆ ಎಡಪಕ್ಕೆಯ ಕೆಳಗಿನ ನೋವು; ಅದು ವಾಯುವೋ, ಮತ್ತೊಂದೋ? ಇಷ್ಟನ್ನೆಲ್ಲ ವಿಚಾರಿಸಿ ಮುಗಿಸುವ ಹೊತ್ತಿಗೆ ಕಾಲುಗಂಟೆ ಆಗಿರುತ್ತದೆ. ಆಮೆನ್ ಎಂದು ಏಳುತ್ತೇನೆ.

ಈ ಸ್ವಭಾವ ವಯಸ್ಸಿನಿಂದ ಬಂದದ್ದಲ್ಲ. ಹೊಸಪೇಟೆಯ ಶಾಲೆಯಲ್ಲಿ ಚಿಕ್ಕವನಾಗಿ ಓದುತ್ತಿದ್ದಾಗಲೂ ಹೀಗೆಯೇ. ನಮ್ಮಲ್ಲಿ ಯೇಸುಸ್ವಾಮಿ ಸತ್ತು ಮತ್ತೆ ಎದ್ದ ಪಾಸ್ಕ ಹಬ್ಬಕ್ಕೆ ಮೊದಲಿನ ನಲವತ್ತು ದಿನ ತಪಸ್ಸುಕಾಲ. ಅದು ಶುರುವಾಗುವುದು ವಿಭೂತಿ ಬುಧವಾರದಂದು. ಹೋದ ವರ್ಷ ಮೆರವಣಿಗೆಯಲ್ಲಿ ಹಿಡಿದ ಈಚಲ ಗರಿಗಳನ್ನು ಸುಟ್ಟು, ಆ ಬೂದಿಯನ್ನು ನಮ್ಮ ಪಾದ್ರಿ ಸ್ವಾಮಿಗಳು ಹಣೆಗೆ ಇಷ್ಟೇ ಇಷ್ಟು ಹಚ್ಚುತ್ತಿದ್ದರು. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಹುಡುಗರು ದಿನವೂ ಹಣೆ ತುಂಬ ಮೂರು ಪಟ್ಟೆ ಬಳಿದುಕೊಂಡು ಬರುವವರು. ನನ್ನ ಚುಕ್ಕೆ ಕಂಡು ಅವರಿಗೆ ನಿಜಕ್ಕೂ ಮರುಕವಾಗುತ್ತಿತ್ತು.

"ಏನಲೇ, ನಿಮ್ಮ ಸ್ವಾಮೇರ ಹತ್ರ ವಿಭೂತಿ ತೀರೇತೇನು? ನಮ್ಮಪ್ಪ ಒಂದು ಗಟ್ಟಿ ಕೊಡ್ತಾನ, ಒಯ್ದು ಕೊಡಲೇ."

ನನಗೆ ಅವಮಾನಕ್ಕಿಂತ ಚಿಂತೆಯೇ ಹೆಚ್ಚಾಯಿತು. ಅಷ್ಟು ಕಡಿಮೆ ಬೂದಿಗೆ ಪುಣ್ಯ ಹತ್ತುತ್ತದೆಯೇ? ಮನೆಗೆ ಹೋಗುವಾಗ ಕಾಲುವೆಯ ಹತ್ತಿರ ನಿಂತು, ಬೆರಳಿಗೆ ಎಂಜಲು ಹಚ್ಚಿ, ಆ ಚುಕ್ಕೆಯನ್ನು ಈ ಕಿವಿಯಿಂದ ಆ ಕಿವಿಯವರೆಗೆ ಎಳೆದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು. "ಇದೇನೋ? ಮುಂಜಾನಿ ಒಂದು ಮತದಾಗ ಹೋಗಿ ಸಂಜಿಗೆ ಇನ್ನೊಂದ್ರಾಗ ಬಂದೀಯಲ್ಲ!" ಎಂದಳು.

ಆ ವರ್ಷ ತಪಸ್ಸಿಗೆಂದು ನಾನು ಬೆಲ್ಲ ಬಿಟ್ಟಿದ್ದೆ. ನಲವತ್ತು ದಿನ ಬೆಲ್ಲವನ್ನು ಧ್ಯಾನಿಸಿದಷ್ಟು ಏಕಾಗ್ರತೆಯಿಂದ ನಾನು ಮತ್ತಾವುದನ್ನೂ ಧ್ಯಾನಿಸಿಲ್ಲ.

ಇಂಥವನು ಮುಂದೆ ಉಪದೇಶಿಯಾದೆ. ಸ್ವಾಮಿಗಳು ದಿನವೂ ಇರಲಾಗದ ಊರುಗಳಲ್ಲಿ ಗಂಟೆ ಬಾರಿಸಿ, ಜನರನ್ನು ಕೂಡಿಸಿ, ಪ್ರಾರ್ಥನೆ ಹೇಳಿಕೊಟ್ಟು, ಕೊನೆಗೆ ಬೀಗ ಹಾಕುವವನೇ ಉಪದೇಶಿ. ನನಗೆ ಕಂಪ್ಲಿಯನ್ನು ಕೊಟ್ಟಿದ್ದರು. ಮಣ್ಣಿನ ಗೋಡೆ, ಜೊಂಡಿನ ಹೊದಿಕೆಯ ಒಂದು ಗುಡಿ. ಕಬ್ಬಿನ ತೋಟದಲ್ಲಿ, ಭತ್ತದ ಗದ್ದೆಯಲ್ಲಿ ದುಡಿಯುವ ಕೆಲವು ಮನೆಗಳು. ಮಕ್ಕಳಿಗೆ ಅಕ್ಷರವನ್ನೂ ಕಲಿಸುತ್ತಿದ್ದುದರಿಂದ ಎಲ್ಲರೂ ನನ್ನನ್ನು ಮಾಸ್ತರು ಎನ್ನುತ್ತಿದ್ದರು. ನಮ್ಮ ಮತಕ್ಕೆ ಹೊಸದಾಗಿ ಸೇರಬೇಕೆಂದವರು ಈ ನಲವತ್ತು ದಿನ ಪಾಠ ಕೇಳಿ, ಪಾಸ್ಕದ ಮುನ್ನಾದಿನ ಜ್ಞಾನಸ್ನಾನ ಪಡೆಯುತ್ತಿದ್ದರು. ಅವರನ್ನು ತಯಾರು ಮಾಡುವುದೂ ನನ್ನ ಕೆಲಸವೇ.

ನನಗೆ ಮೂವತ್ತೆಂಟಾಗಿದ್ದ ವರ್ಷ ಹೊಸಪೇಟೆಗೆ ಹೊಸ ಸ್ವಾಮಿಗಳು ಬಂದರು. ಸಮುದ್ರದಾಚೆಯವರು. ಕನ್ನಡವನ್ನು ಪುಸ್ತಕದಿಂದ ಕಲಿತು, ಪುಸ್ತಕದಂತೆಯೇ ಮಾತಾಡುತ್ತಿದ್ದರು. ತಪಸ್ಸುಕಾಲಕ್ಕೆ ಮೊದಲು ಬೈಸಿಕಲ್ಲಿನಲ್ಲಿ ಕಂಪ್ಲಿಗೆ ಬಂದು, ನಮ್ಮ ಜಪವನ್ನು ಒಂದು ಸಂಜೆ ಕೇಳಿದರು. ಮುಗಿದ ಮೇಲೆ, "ಉಪದೇಶಿಗಳೇ, ತಾವೆಲ್ಲರೂ ಯಾವ ರೈಲನ್ನು ಹಿಡಿಯಬೇಕಾಗಿದೆ?" ಎಂದರು.

ಜಪ ಸಾಕು, ಈ ಸಲ ಧ್ಯಾನ ಮಾಡಿಸಿ, ಎಂದರು. ವಾರಕ್ಕೆ ಯೇಸುಸ್ವಾಮಿಯ ಕತೆಯ ಒಂದೇ ಪ್ರಸಂಗ. ಅದನ್ನು ಹೇಳಿ, ಕಣ್ಣು ಮುಚ್ಚಿ ಅರ್ಧಗಂಟೆ ಸುಮ್ಮನೆ ಕುಳಿತುಕೊಳ್ಳಬೇಕು. ಮೊದಲು ಆ ಜಾಗ ಕಣ್ಣಿಗೆ ಬರಬೇಕು, ಆಮೇಲೆ ಅಲ್ಲಿನ ಸದ್ದು, ವಾಸನೆ. ಕೊನೆಗೆ ಆ ಕತೆಯೊಳಗೆ ತಾನೆಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಂದು ನೋಡಬೇಕು. ಹೋಗುವಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳಿದರು. ಬಾಯಿಪಾಠ ಒಪ್ಪಿಸಿ ಜ್ಞಾನಸ್ನಾನ ಪಡೆದು, ಮರುವರ್ಷ ಗುಡಿಯ ಕಡೆ ತಲೆ ಹಾಕದವರನ್ನು ಅವರು ಬೇರೆ ಊರುಗಳಲ್ಲಿ ಬೇಕಾದಷ್ಟು ಕಂಡಿದ್ದರಂತೆ. "ಹಬ್ಬಕ್ಕೆ ಮುಂಚೆ ನಾನೇ ಬಂದು ಒಬ್ಬೊಬ್ಬರನ್ನೂ ಕೇಳುತ್ತೇನೆ. ಕಂಡವರಿಗೆ ಮಾತ್ರ ಜ್ಞಾನಸ್ನಾನ. ಗಿಳಿಗಳಿಗಲ್ಲ."

ಜನರನ್ನು ಕೂಡಿಸಿದೆ. ಪ್ರಸಂಗ ಹೇಳಿದೆ. ಕಣ್ಣು ಮುಚ್ಚಿಸಿದೆ. ನಾನೂ ಮುಚ್ಚಿದೆ. ಏನೂ ಕಾಣಲಿಲ್ಲ. ಮರುದಿನವೂ ಇಲ್ಲ. ಒಂದು ವಾರ ಕಳೆಯಿತು. ಕಂಡವರಿಗೆ ಮಾತ್ರ ಎಂದಿದ್ದಾರೆ, ಕಾಣಿಸಬೇಕಾದವನೇ ಕುರುಡನಾದರೆ? ಜಾಗ ಕಣ್ಣಿಗೆ ಬರುತ್ತಿಲ್ಲ, ಅದಕ್ಕೇ ಹೀಗೆ ಎಂದು ನನಗೆ ನಾನೇ ಮದ್ದು ಹೇಳಿಕೊಂಡು, ಶನಿವಾರ ಗಾಡಿ ಹತ್ತಿ ಹಂಪಿಗೆ ಹೋದೆ. ಯೇಸುಸ್ವಾಮಿ ಓಡಾಡಿದ ಯೆರೂಸಲೇಮನ್ನು ನಾನು ಕಂಡಿಲ್ಲ. ಕಲ್ಲಿನ ದೊಡ್ಡ ಊರೆಂದರೆ ನನಗೆ ಗೊತ್ತಿದ್ದುದು ಅದೊಂದೇ. ಪಾಳುಬಿದ್ದ ಬಜಾರಿನ ಮಂಟಪದಲ್ಲಿ ಕುಳಿತು, ಬೀದಿಯನ್ನು ಚೆನ್ನಾಗಿ ನೋಡುವುದು, ಕಣ್ಣು ಮುಚ್ಚಿ ನೆನಪಿಟ್ಟುಕೊಳ್ಳುವುದು, ಮತ್ತೆ ನೋಡುವುದು, ಹೀಗೆ ಮಾಡುತ್ತಿದ್ದೆ. ಪಕ್ಕದ ಮಂಟಪದಲ್ಲಿ ಕುಳ್ಳು ತಟ್ಟುತ್ತಿದ್ದ ಹೆಂಗಸು ಸಗಣಿ ಕೈಯಲ್ಲೇ ಎದ್ದು ಬಂದಳು.

"ತಲಿ ತಿರುಗತೈತೇನ್ರಿ ಅಣ್ಣಾರ? ನೀರು ಕೊಡ್ಲೇನು?"

"ಇಲ್ಲವ್ವ, ಊರು ನೋಡಾಕ ಬಂದೀನಿ."

"ಕಣ್ಣು ಮುಚ್ಚಿಕೊಂಡು?"

ಆದರೆ ಹೋದದ್ದು ವ್ಯರ್ಥವಾಗಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ಬೀದಿ ಬರುತ್ತಿತ್ತು, ಕಂಬಗಳ ಸಾಲು ಬರುತ್ತಿತ್ತು. ಜನ ಮಾತ್ರ ಒಬ್ಬರೂ ಇಲ್ಲ. ಹಾಳೂರನ್ನು ನೋಡಿ ಬಂದರೆ ಕಾಣುವುದೂ ಹಾಳೂರೇ.

ಆ ವರ್ಷ ಜ್ಞಾನಸ್ನಾನಕ್ಕೆ ಕಾದಿದ್ದವರು ನಾಲ್ವರು. ಅವರಲ್ಲಿ ಹಿರಿಯಳು ಹುಲಿಗೆವ್ವ. ಅರವತ್ತೈದು ದಾಟಿತ್ತು. ಅವಳ ಗಂಡ ಕಂಪ್ಲಿಯ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದವನು, ತೀರಿಹೋಗಿ ಬಹಳ ವರ್ಷವಾಗಿತ್ತು. ಇವಳು ಹುಲ್ಲು, ಸೌದೆ, ಬಾಳೆಗೊನೆ, ಯಾರು ಏನು ಹೊರಿಸಿದರೆ ಅದನ್ನು ಹೊತ್ತು ಬದುಕುತ್ತಿದ್ದಳು. ಎರಡು ವರ್ಷದ ಹಿಂದೆಯೇ ಪಾಠಕ್ಕೆ ಬಂದಿದ್ದಳು. ಮೊದಲ ವರ್ಷ ದೇವರ ಹತ್ತು ಕಟ್ಟಳೆಗಳಲ್ಲಿ ಏಳೇ ನೆನಪಿಗೆ ಬಂದವು. ಎರಡನೆಯ ವರ್ಷ ಹಬ್ಬದ ವಾರವೇ ಜ್ವರ ಬಂತು. "ಈ ವರ್ಸ ಆಗಲಿಲ್ಲಂದ್ರ ನಾ ಸೀದಾ ಮ್ಯಾಲ ಹೋಗಿ ಅಲ್ಲೇ ಸ್ನಾನ ಮಾಡ್ತೀನಿ ಬಿಡ್ರಿ" ಎನ್ನುತ್ತಿದ್ದಳು. ನಗುತ್ತ ಹೇಳಿದರೂ ಪ್ರತಿ ಸಂಜೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ಅವಳೇ.

ಮೂರನೆಯ ವಾರ ನಾನು ಹೇಳಿದ ಪ್ರಸಂಗ, ಬಿರುಗಾಳಿಯಲ್ಲಿ ದೋಣಿ ಹೊಯ್ದಾಡುತ್ತಿರುವಾಗ ಯೇಸುಸ್ವಾಮಿ ಮಲಗಿ ನಿದ್ರಿಸುತ್ತಿದ್ದುದು. ಧ್ಯಾನ ಮುಗಿದು, ಎಲ್ಲರೂ ಹೋಗಿ, ನಾನು ಬೀಗ ಹಾಕುತ್ತಿದ್ದೆ. ಹುಲಿಗೆವ್ವ ಹಿಂದೆಯೇ ನಿಂತಿದ್ದಳು.

"ಮಾಸ್ತರ, ನಾ ಕಂಡದ್ದು ಹೇಳ್ಲೇನ್ರಿ? ತಪ್ಪಾದ್ರ ಬೈಬ್ಯಾಡ್ರಿ."

"ಹೇಳವ್ವ."

"ನಮ್ಮ ಮನಿಯಾವನ ಹರಿಗೋಲು ಕಂಡೆ. ಅದ, ಒಂದು ಕಡೀ ತ್ಯಾಪಿ ಹಾಕಿದ್ದು. ಯೇಸುಸ್ವಾಮಿ ಅದರಾಗ ಮಲಗ್ಯಾನ. ಹರಿಗೋಲಿನಾಗ ಕಾಲು ಚಾಚಾಕ ಜಾಗ ಎಲ್ಲೈತ್ರಿ? ಕೂಸಿನಂಗ ಮುದುಡಿಕೊಂಡಾನ. ನೀರು ಎತ್ತಿ ಎತ್ತಿ ಒಗದಂಗೆಲ್ಲ ತಲಿ ಬಿದಿರಿಗೆ ಬಡೀತೈತಿ. ನನಗ ನೋಡಾಕಾಗಲಿಲ್ಲ. ನನ್ನ ಸಿಂಬಿ ತಗದು ತಲಿ ಬುಡಕ ಇಟ್ಟೆ. ಕಣ್ಣು ತಗೀಲಿಲ್ಲ. ತಲಿ ಒಂದೀಟು ಆ ಕಡೆ ಈ ಕಡೆ ಮಾಡಿ, ಸಿಂಬಿಯಾಗ ಸರೀಗೆ ಇಟ್ಟುಕೊಂಡು ಮತ್ತ ಮಲಗಿದ. ಅಷ್ಟರೀ."

ಸಿಂಬಿ ಎಂದರೆ ಹೊರೆ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಅದನ್ನು ಹೇಳುವಾಗ ಅವಳ ಕೈ ತಲೆಗೆ ಹೋಗಿ ಬಂತು, ಅದು ಅಲ್ಲಿದೆಯೋ ಇಲ್ಲವೋ ಎಂದು ನೋಡುವಂತೆ. ನಾನು ಬೀಗ ಹಿಡಿದು ನಿಂತೇ ಇದ್ದೆ. ನನಗೆ ಮೊದಲು ಬಂದದ್ದು ಭಕ್ತಿ ಎಂದು ಬರೆಯಲು ಆಸೆ. ಬಂದದ್ದು ಹೊಟ್ಟೆಕಿಚ್ಚು.

ಹಬ್ಬದ ವಾರ ಬಂತು. ಹೊಸಪೇಟೆಗೆ ಬಳ್ಳಾರಿಯಿಂದ ಇನ್ನೊಬ್ಬ ಸ್ವಾಮಿಗಳು ಬರುವ ಏರ್ಪಾಡಾಗಿದ್ದುದರಿಂದ, ನಮ್ಮ ಸ್ವಾಮಿಗಳು ಬುಧವಾರವೇ ಕಂಪ್ಲಿಗೆ ಬಂದಿಳಿದರು. ಗುಡಿಯಲ್ಲಿ ಎರಡು ಸ್ಟೂಲು ಹಾಕಿಸಿ, ಮೊದಲು ನನ್ನನ್ನೇ ಕೂರಿಸಿದರು.

"ಉಪದೇಶಿಗಳೇ, ಇಷ್ಟು ದಿನ ತಾವು ಏನನ್ನು ಕಂಡಿರಿ?"

ಬೈಯುವ ದನಿಯಲ್ಲಿ ಕೇಳಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಅವರು ಅಷ್ಟು ನಂಬಿಕೆಯಿಂದ ಕೇಳಿದರು. ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು. "ಹರಿಗೋಲು ಕಂಡೆ, ಸ್ವಾಮಿ" ಎಂದೆ. ಮೊದಲ ಮಾತು ಹೊರಬಿದ್ದ ಮೇಲೆ ಉಳಿದವು ತಾವೇ ಬಂದವು. ಮುದುಡಿಕೊಂಡ ಕಾಲು, ಬಿದಿರಿಗೆ ಬಡಿಯುವ ತಲೆ, ಸಿಂಬಿ, ಎಲ್ಲ. ಸ್ವಾಮಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಸಿಂಬಿ ಎಂದರೇನು ಎಂದು ಕೇಳಿದರು. ಹೆಗಲ ಮೇಲಿನ ವಸ್ತ್ರವನ್ನು ಸುತ್ತಿ ತೋರಿಸಲು ಹೋದೆ. ಹೇಗೆ ಸುತ್ತಿದರೂ ಅದು ಹಿಂಡಿದ ಬಟ್ಟೆಯಂತೆ ಕಂಡಿತೇ ಹೊರತು ಸಿಂಬಿಯಾಗಲಿಲ್ಲ. ಅವರು ಅದನ್ನೂ ತಮ್ಮ ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು.

ಹುಲಿಗೆವ್ವನ ಸರದಿ ಬಂದಾಗ ನಾನು ಹೊರಗೆ ಕಟ್ಟೆಯ ಮೇಲಿದ್ದೆ. ಅವಳೂ ಇದನ್ನೇ ಹೇಳುತ್ತಾಳೆ ಎಂಬುದು ನನಗೆ ಹೊಳೆದದ್ದು ಆಗ! ಊರಿನ ಆಡುಗಳ ಬಗ್ಗೆಯೆಲ್ಲ ಮುಂದಾಗಿ ಚಿಂತಿಸುವವನಿಗೆ ಇದೊಂದು ಹೊಳೆದಿರಲಿಲ್ಲ. ಒಳಗಿನಿಂದ ಅವಳ ಮಾತು ಕೇಳುತ್ತಿತ್ತು. ಹರಿಗೋಲು. ಬಿದಿರು. ಸಿಂಬಿ. ಆಮೇಲೆ ಸ್ವಾಮಿಗಳ ದನಿ.

"ಅಮ್ಮಾ, ಇದನ್ನು ನಿಮಗೆ ಯಾರು ಕಲಿಸಿದರು?"

ಧ್ಯಾನ ಮಾಡುವುದನ್ನು ಯಾರು ಕಲಿಸಿದರು ಎಂದು ಕೇಳುತ್ತಿದ್ದಾರೆಂದುಕೊಂಡ ಹುಲಿಗೆವ್ವ ಹೆಮ್ಮೆಯಿಂದ ಹೇಳಿದಳು: "ಎಲ್ಲಾ ನಮ್ಮ ಮಾಸ್ತರ್ರ ಕಲಿಸಿದ್ದು, ಸ್ವಾಮಿ. ಅವರಿಲ್ಲದಿದ್ರ ಈ ಮುದುಕಿಗೇನು ಬರ್ತಿತ್ತು?"

ಸ್ವಾಮಿಗಳು ನನ್ನನ್ನು ಕರೆದು, ಬಹಳ ಮೆತ್ತಗೆ ಹೇಳಿದರು. "ಆಕೆ ತಮ್ಮ ಮಾತುಗಳನ್ನೇ ಒಪ್ಪಿಸುತ್ತಿದ್ದಾಳೆ. ನಾನು ಅಂಜಿದ್ದು ಇದಕ್ಕೇ. ಮುಂದಿನ ವರ್ಷ ನೋಡೋಣ. ತಾವು ದುಃಖಿಸಬೇಡಿ, ಇದರಲ್ಲಿ ತಮ್ಮ ತಪ್ಪೇನೂ ಇಲ್ಲ."

ನಾನು "ಆಗಲಿ ಸ್ವಾಮಿ" ಎಂದೆ. ಓದುಗರೇ, ನನ್ನ ಹತ್ತಿರ ಬೇರೆ ಎಷ್ಟೋ ಮಾತುಗಳಿದ್ದವು. ಆಡಿದ್ದು ಇದು.

ಅವಳಿಗೆ ತಿಳಿಸುವ ಕೆಲಸವೂ ನನ್ನದೇ ಆಯಿತು.

"ಏನು ತಪ್ಪು ಹೇಳಿದ್ನಿರಿ, ಮಾಸ್ತರ?"

"ತಪ್ಪೇನಿಲ್ಲವ್ವ."

"ತಪ್ಪಿಲ್ಲಂದ್ರ ಮತ್ಯಾಕ ಬ್ಯಾಡಂದ್ರು?"

ನಾನು ನೆಲ ನೋಡಿದೆ. ಆಮೇಲೆ, "ಹಂಗಾದ್ರ ಹೊಳಿಯಾಚೆ ಮಗಳ ಮನಿಗೆ ಹೋಗ್ತೀನ್ರಿ. ಹಬ್ಬದಾಗ ಇಲ್ಲಿ ಕುಂತು ಮಂದಿ ಸ್ನಾನ ನೋಡ್ಲೇನು?" ಎಂದು ಸೆರಗು ಕೊಡವಿ ಹೊರಟಳು.

ಮನೆಗೆ ಬಂದು, ನಡೆದದ್ದರಲ್ಲಿ ನನಗೆ ಅನುಕೂಲವಾದಷ್ಟನ್ನು ಅನ್ನಮ್ಮನಿಗೆ ಹೇಳಿದೆ. ಅವಳು ಸಂಡೂರಿನವಳು. ಅವಳ ತಾಯಿ ಅಲ್ಲಿಯ ಗುಡ್ಡದಲ್ಲಿ ಅದಿರಿನ ಬುಟ್ಟಿ ಹೊತ್ತವಳು, ಮದುವೆಗೆ ಮುಂಚೆ ಇವಳೂ ಹೊತ್ತಿದ್ದಳು. ಸೊಪ್ಪು ಸೋಸುತ್ತಿದ್ದ ಕೈ ನಿಂತಿತು.

"ನೀವು ಸಿಂಬಿ ಇಟ್ರೇನ್ರಿ ಸ್ವಾಮಿ ತಲಿ ಬುಡಕ?"

"ಹೂಂ... ಧ್ಯಾನದಾಗ."

"ಬಾವಿಯಿಂದ ಒಂದು ಕೊಡ ನೀರು ತಂದವರಲ್ಲ ನೀವು. ಧ್ಯಾನದಾಗ ಹೊರಿ ಹೊತ್ರ್ಯಾ?"

ನಾನು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದೆ.

"ಮುದುಕಿ ಹತ್ರ ಕಸಗೊಂಡು ತಿಂದ್ರಲ್ಲರೀ!" ಎಂದಳು. ಅಷ್ಟೇ. ಬಡಿಸಿದಳು, ಪಾತ್ರೆ ತೆಗೆದಿಟ್ಟಳು. ಬೈದಿದ್ದರೆ ನಾನೂ ಏನಾದರೂ ಹೇಳಿ ಹಗುರಾಗಬಹುದಿತ್ತು. ಗುರುವಾರ ಬೆಳಕು ಹರಿದ ಕೂಡಲೆ ನನ್ನ ರುಮಾಲು ತಂದು ಕೈಗಿಟ್ಟು, "ಹೋಗಿ ಹೇಳಿ ಬರ್ರಿ" ಎಂದಳು.

ಹೋದೆ. ಸ್ವಾಮಿಗಳು ಕ್ಷೌರ ಮಾಡಿಕೊಳ್ಳುತ್ತಿದ್ದರು. ಅರ್ಧ ಮುಖ ಸೋಪಿನ ನೊರೆ. ನಾನು ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂಬ ಭಯ. ನೊರೆ ಅವರ ಮುಖದ ಮೇಲೇ ಒಣಗಿತು.

"ಹಾಗಾದರೆ ತಾವು ನಿಜವಾಗಿಯೂ ಕಂಡದ್ದು ಏನು?"

"ನೀರು, ಸ್ವಾಮಿ. ನನಗೆ ಈಜು ಬರುವುದಿಲ್ಲ. ದೋಣಿ ಮುಳುಗುತ್ತದೆ ಅನ್ನೋ ಭಯ ಬಿಟ್ಟು ಬೇರೇನೂ ಕಾಣಲಿಲ್ಲ. ಇವರು ಹೀಗೆ ಮಲಗಿದ್ದಾರಲ್ಲ ಎಂದು ಸಿಟ್ಟು ಬಂತು. ಎಬ್ಬಿಸಬೇಕು ಅನ್ನಿಸಿತು. ಅಷ್ಟರಲ್ಲಿ ಕಣ್ಣು ತೆರೆದೆ."

"ಆ ದೋಣಿಯಲ್ಲಿದ್ದ ಶಿಷ್ಯರೂ ಇದನ್ನೇ ಕಂಡರು. ಇದನ್ನೇ ಅವರು ಕೂಗಿ ಹೇಳಿ ಎಬ್ಬಿಸಿದರು. ತಾವು ಇದನ್ನು ನಿನ್ನೆ ಹೇಳಲಿಕ್ಕೆ ಏನು ಅಡ್ಡಿಯಿತ್ತು?"

ಏನು ಅಡ್ಡಿಯಿತ್ತೋ ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಉಪದೇಶಿಗೆ ಭಯ ಕಂಡಿತು ಎಂದರೆ ಚೆನ್ನಾಗಿರುವುದಿಲ್ಲ ಅನ್ನಿಸಿರಬೇಕು. ಸ್ವಾಮಿಗಳು ಪುಸ್ತಕ ತೆಗೆದು, ಹಿಂದಿನ ದಿನ ಬರೆದುಕೊಂಡಿದ್ದರಲ್ಲಿ ನನ್ನ ಹೆಸರು ಹೊಡೆದು ಹಾಕಿ ಹುಲಿಗೆವ್ವನ ಹೆಸರು ಬರೆದರು. "ಬರುವ ವರ್ಷ ಧ್ಯಾನವನ್ನು ತಾವು ಹೇಳಿಕೊಡುವುದು ಬೇಡ. ಹಿಂದೆ ಕುಳಿತು ಮಾಡಿ. ಈಗ ಹೋಗಿ ಆಕೆಯನ್ನು ಕರೆದುಕೊಂಡು ಬನ್ನಿ. ಕ್ಷಮೆ ನಾನೂ ಕೇಳಬೇಕು. ಮೊದಲು ತಾವು ಕೇಳಿ."

ಹೊಳೆಯಾಚೆ ಎಂದರೆ ನಿಜಾಮನ ಸೀಮೆ. ಬೇಸಿಗೆಯಾದ್ದರಿಂದ ಹೊಳೆಯ ಬಹುಭಾಗ ಮರಳು, ಬಂಡೆ. ನಡುವೆ ಮಾತ್ರ ಆಳವಾದ ಮಡು, ಅಲ್ಲಿ ಹರಿಗೋಲು. ನಾನು ಒಳಗೆ ಕಾಲಿಟ್ಟ ಕೂಡಲೆ ಅದು ಒಂದು ಸುತ್ತು ತಿರುಗಿತು. ಎರಡೂ ಕೈಯಿಂದ ಅಂಚು ಹಿಡಿದೆ. "ಅಂಚು ಬಿಡ್ರಿ ಮಾಸ್ತರ, ನೀವು ಹಿಡಕೊಂಡಿದ್ದಕ್ಕ ನಿಂತಿಲ್ಲ ಅದು" ಎಂದ ಹರಿಗೋಲಿನವ. ಬಿಡಲಿಲ್ಲ.

ಹುಲಿಗೆವ್ವ ಮಗಳ ಮನೆಯ ಮುಂದೆ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನನ್ನನ್ನು ಕಂಡು "ಬರ್ರಿ, ಕುಂದ್ರಿ" ಎಂದಳು, ಕುಟ್ಟುವುದನ್ನು ನಿಲ್ಲಿಸಲಿಲ್ಲ. ಆ ಕುಟ್ಟುವ ಸದ್ದಿನ ನಡುನಡುವೆಯೇ ನಾನು ಹೇಳಬೇಕಾಯಿತು. ಅವಳು ಕಂಡದ್ದನ್ನು ನಾನು ಕಂಡೆನೆಂದು ಹೇಳಿದ್ದು, ಆ ಕಾರಣಕ್ಕೆ ಅವಳು ಗಿಳಿಯಾದದ್ದು. ಎಲ್ಲ ಮುಗಿದ ಮೇಲೆ ಬಡಿಗೆ ಕೆಳಗಿಟ್ಟಳು.

"ಕೇಳಿದ್ರ ಕೊಡ್ತಿದ್ನೆಲ್ರೀ. ನೀವೂ ಅದರಾಗ ಇದ್ರಿ ಅಂತ ನಾನ ಹೇಳ್ತಿದ್ದೆ."

"ತಪ್ಪಾತವ್ವ. ಸ್ವಾಮೇರು ಕರದಾರ. ನಡಿ, ಶನಿವಾರ ನಿನಗೂ ಆಗತೈತಿ."

"ಹೆಂಗ ಆಗತೈತಿ? ನನ್ನ ಹಿಂದ ನಿಂದರ್ತೀನಂದಾಕಿ ನಿನ್ನೆನ ಕೈ ಕೊಟ್ಲು. 'ಬಾಯಿಪಾಠದ ಮುದುಕಿ ಹಿಂದ ನಾ ನಿಂದ್ರಲ್ಲ' ಅಂತ ಬಾವಿಕಟ್ಟಿ ಮ್ಯಾಲ ಎಲ್ಲಾರ ಮುಂದ ಅಂದ್ಲು."

ಜ್ಞಾನಸ್ನಾನ ಪಡೆಯುವವರ ಹಿಂದೆ ಒಬ್ಬರು ನಿಂತು, ಹೆಗಲ ಮೇಲೆ ಕೈಯಿಟ್ಟು, ಇವರ ಭಾರ ನನ್ನದು ಎನ್ನಬೇಕು. ಅದಿಲ್ಲದೆ ಆಗುವುದಿಲ್ಲ. ಹಾಗೆ ನಿಂತವರು ಅಂದಿನಿಂದ ಜ್ಞಾನತಾಯಿ, ಇಲ್ಲವೇ ಜ್ಞಾನತಂದೆ. ನಾನು ಕಂಪ್ಲಿಯ ಹೆಂಗಸರನ್ನು ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ಕರೆಯುತ್ತ, ಯಾರು ಒಪ್ಪಿಯಾರು ಎಂದು ಪೇಚಾಡುತ್ತಿದ್ದೆ. ಹುಲಿಗೆವ್ವ ನನ್ನನ್ನೇ ನೋಡುತ್ತಿದ್ದಳು.

"ನೀವು ನಿಂದರ್ರಿ."

"ನಾನಾ? ನನಗ ಮೂವತ್ತೆಂಟು, ನಿನಗ..."

"ಬೇರೇ ಯಾರೂ ಬ್ಯಾಡ. ನೀವು ನಿಂತ್ರ ಬರ್ತೀನಿ, ಇಲ್ಲಾಂದ್ರ ಹುಣಸಿಹಣ್ಣು ಬಾಕಿ ಐತಿ."

ಬರುವಾಗ ಹರಿಗೋಲಿನಲ್ಲಿ ಇದೇ ಚಿಂತೆ. ಶಾಸ್ತ್ರ ಒಪ್ಪುತ್ತದೆಯೇ? ಗುಡಿ ಮುಟ್ಟಿದಾಗ ಸ್ವಾಮಿಗಳು ಮೊದಲು ಹುಲಿಗೆವ್ವನಿಗೆ ಕೈ ಮುಗಿದರು. ನನ್ನ ಸಂದೇಹ ಕೇಳಿ, "ತಂದೆ ಮಗಳಿಗಿಂತ ಹಿರಿಯನಾಗಿರಬೇಕೆಂದು ಎಲ್ಲಿಯೂ ಬರೆದಿಲ್ಲ" ಎಂದರು. ಶನಿವಾರ ಅವಳ ಹಿಂದೆ ನಿಂತೆ. ಹೆಗಲಿನ ಮೇಲೆ ಕೈ ಇಟ್ಟಾಗ ಗೊತ್ತಾಯಿತು, ಅಲ್ಲಿ ಮಾಂಸವೇ ಇರಲಿಲ್ಲ, ಬರೀ ಎಲುಬು. ತಲೆಯ ಮೇಲೆ ನೀರು ಬಿದ್ದಾಗ ಅವಳು ಕಣ್ಣು ಮುಚ್ಚಲಿಲ್ಲ. ಬಾವಿಕಟ್ಟೆಯ ಮೇಲೆ ಮಾತಾಡಿದವಳ ಕಡೆಗೇ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಗಂಟು ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದ ಹುಲಿಗೆವ್ವ, ಕೇರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಯಪ್ಪಾ! ಹಬ್ಬಕ್ಕ ಮಗಳನ್ನ ಕರೀಬೇಕನ್ನೋದು ಗೊತ್ತಿಲ್ಲೇನು ನಿನಗ? ನಾನ ಬಂದೆ ನೋಡು."

'ರೀ' ಹೋಗಿ 'ನೀನು' ಬಂದಿತ್ತು. ಅನ್ನಮ್ಮ ನಗುತ್ತ ಓಡಿ ಬಂದು ಕಾಲಿಗೆ ನೀರು ಕೊಟ್ಟಳು. ಎಣ್ಣೆ ಹಚ್ಚಿ ಎರೆದಳು. ಕೂದಲಿದ್ದಷ್ಟಕ್ಕೆ ಜಡೆ ಹಾಕಿ, ಮಲ್ಲಿಗೆ ಇಡಲು ಹೋದರೆ, "ಯವ್ವಾ, ಗಂಡ ಸತ್ತಾಕಿಗೆ ಹೂ ಬ್ಯಾಡ, ಅಪ್ಪಗ ಕೊಡು" ಎಂದು ನನ್ನ ಕಡೆ ತೋರಿಸಿದಳು. ಊಟದಲ್ಲಿ ಎರಡು ಸಲ ಪಾಯಸ ಕೇಳಿ ಹಾಕಿಸಿಕೊಂಡಳು. ತವರುಮನೆಯಲ್ಲಿ ಕೂತವರ ಹಾಗೆ ಗೋಡೆಗೆ ಒರಗಿ, ಕಾಲು ನೀಡಿ, ಅಳಿಯನ ಮೇಲೆ ದೂರು ಹೇಳಿದಳು.

ಸಂಜೆಗೆ ಹೊರಟು ನಿಂತಳು, ಹುಣಸೆಹಣ್ಣು ಬಾಕಿಯಿತ್ತು. ನಾನು ಕಡವಿನವರೆಗೆ ಹೋದೆ. ಅವಳು ಸೀರೆ ಎತ್ತಿ ಕಟ್ಟಿ, ಹರಿಗೋಲಿಗೆ ಕಾಲಿಟ್ಟು, ಏನನ್ನೂ ಹಿಡಿದುಕೊಳ್ಳದೆ ನಡುವೆ ಕುಕ್ಕರಗಾಲಿನಲ್ಲಿ ಕುಳಿತಳು. ಗಂಡನ ಕಾಲದಿಂದ ಅದೆಷ್ಟು ಸಾವಿರ ಸಲ ದಾಟಿದ ಹೊಳೆಯೋ. ನಾನು ಆ ದಡ ಮುಟ್ಟುವ ತನಕ ನಿಂತು ನೋಡಿದೆ. ಇಳಿದು ಕೈ ಬೀಸಿ, ಮರಳಿನಲ್ಲಿ ನಡೆದು, ಬಂಡೆಗಳ ಹಿಂದೆ ಮರೆಯಾದಳು.

ಮನೆಗೆ ಬಂದು ಕುಳಿತರೂ ಸಮಾಧಾನವಿಲ್ಲ. ಒಳಗೆ ಹೊರಗೆ ಓಡಾಡುತ್ತಿದ್ದೆ.

"ಏನಾತ್ರೀ ಈಗ?" ಎಂದಳು ಅನ್ನಮ್ಮ.

"ಹೊತ್ತು ಮುಳುಗಾಕ ಬಂತು. ಹೆಣ್ಣುಮಗಳು, ಒಬ್ಬಾಕಿನ ಹೋಗ್ಯಾಳ. ಮನಿ ಮುಟ್ಟಿದ್ಲೋ ಇಲ್ಲೋ."